ಮಗ್ಗ ಬಿಡದ ಎಡಗಾಲು

ಚಿಕ್ಕ ವಿಮಾನ ರನ್‌ವೇಯಿಂದ ಒಂದಾಳೆತ್ತರಕ್ಕೆ ಇಳಿದು ಬಂದಾಗ ಪೈಲಟ್ ಮಾಡಬೇಕಾದ್ದು ಹೆಚ್ಚೇನಿಲ್ಲ. ಬಲಗೈಯಲ್ಲಿರುವ ಥ್ರಾಟಲ್ ಗುಂಡಿಯನ್ನು ತನ್ನ ಕಡೆ ಎಳೆದು ಎಂಜಿನ್ನಿನ ಜೋರು ಇಳಿಸಬೇಕು. ಎಡಗೈಯಲ್ಲಿರುವ ಹಿಡಿಕೆಯನ್ನು ಮೆಲ್ಲಗೆ ಎದೆಯ ಕಡೆ ಎಳೆದು ವಿಮಾನದ ಮೂಗು ಎತ್ತಬೇಕು. ಆಮೇಲೆ ಸುಮ್ಮನಿರಬೇಕು. ವಿಮಾನ ತಾನೇ ದಣಿದು ಕೆಳಗೆ ಕೂರುತ್ತದೆ, ಮೊದಲು ಹಿಂದಿನ ಎರಡು ಗಾಲಿ, ಆಮೇಲೆ ಮುಂದಿನದು. ಎಳೆಯುವುದು ಎರಡೂ ನನಗೆ ಬರುತ್ತಿತ್ತು. ಸುಮ್ಮನಿರುವುದು ಬರುತ್ತಿರಲಿಲ್ಲ. ಹುಟ್ಟಿದಾಗಿನಿಂದಲೂ ಬಂದಿಲ್ಲ ಎಂದು ಇಳಕಲ್ಲಿನ ನಮ್ಮ ಓಣಿಯವರು ಹೇಳಿಯಾರು.

ನಾನು ಕಲಿಯುತ್ತಿದ್ದದ್ದು ಬಾಗಲಕೋಟೆಯಿಂದ ಬಾದಾಮಿಗೆ ಹೋಗುವ ರಸ್ತೆಯಿಂದ ತುಸು ಒಳಗೆ, ಎರೆಹೊಲಗಳ ನಡುವಿನ ಒಂದು ಖಾಸಗಿ ರನ್‌ವೇಯಲ್ಲಿ. ಯಾವುದೋ ಕಾರ್ಖಾನೆಯವರು ತಮ್ಮ ಸಾಹೇಬರ ಓಡಾಟಕ್ಕೆಂದು ಮಾಡಿಸಿ ಕೈಬಿಟ್ಟಿದ್ದನ್ನು ತರಬೇತಿ ಶಾಲೆಯವರು ಹಿಡಿದಿದ್ದರು. ಒಂದು ತಗಡಿನ ಹ್ಯಾಂಗರ್, ಎರಡು ಸೀಟಿನ ಎರಡು ವಿಮಾನ, ಎಂಟು ಮಂದಿ ವಿದ್ಯಾರ್ಥಿಗಳು. ಕಲಿಸುವವರು ವಾಯುಪಡೆಯಿಂದ ನಿವೃತ್ತರಾದ, ಮೈಸೂರು ಕಡೆಯ ಒಬ್ಬರು. ನಾವು ಸರ್ ಎನ್ನುತ್ತಿದ್ದೆವು. ಅವರು ನಮ್ಮನ್ನೂ ‘ನೀವು’ ಎಂದೇ ಮಾತಾಡಿಸುತ್ತಿದ್ದರು, ಎಂದೂ ದನಿ ಏರಿಸುತ್ತಿರಲಿಲ್ಲ. ಬೈದಿದ್ದರೆ ನಾನೂ ಒಳಗೊಳಗೇ ತಿರುಗಿ ಬೈದು ಹಗುರಾಗುತ್ತಿದ್ದೆ. ಆ ಮರ್ಯಾದೆಯ ಮಾತಿಗೆ ಏನು ಮಾಡುವುದು? ವಿಮಾನಗಳ ಮೆಕ್ಯಾನಿಕ್ ಹುನಗುಂದದವರು, ಐವತ್ತು ದಾಟಿದವರು. ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಲಾರಿ ಎಂಜಿನ್ ಬಿಚ್ಚುತ್ತ ಬೆಳೆದು, ಊರೂರು ಅಲೆದು, ಪರೀಕ್ಷೆಗಳನ್ನು ಕಟ್ಟಿ ವಿಮಾನದ ಪರವಾನಗಿ ಪಡೆದವರು. ಅವರು ಎಲ್ಲರಿಗೂ ಚಾಚಾ.

ವಿದ್ಯಾರ್ಥಿಗೆ ಬರುವ ಮೊದಲ ದೊಡ್ಡ ದಿನವೆಂದರೆ ಪಕ್ಕದಲ್ಲಿ ಯಾರೂ ಇಲ್ಲದೆ ಒಬ್ಬನೇ ಹಾರಿ ಒಬ್ಬನೇ ಇಳಿಯುವ ದಿನ. ಸೋಲೋ ಎನ್ನುತ್ತೇವೆ. ನನ್ನ ಜೊತೆಗೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಸೋಲೋ ಮುಗಿಸಿ ನೀರಿನಲ್ಲಿ ತೊಯ್ದಿದ್ದರು. ಇಳಿದವರ ತಲೆಯ ಮೇಲೆ ಬಕೆಟ್ ನೀರು ಸುರಿಯುವುದು ಅಲ್ಲಿನ ಪದ್ಧತಿ. ನಾನೊಬ್ಬಳು ನಾಲ್ಕು ತಿಂಗಳಾದರೂ ಒಣಗಿಕೊಂಡೇ ಇದ್ದೆ. ಹಾರುವುದರಲ್ಲಿ ನನಗೆ ತೊಂದರೆ ಇರಲಿಲ್ಲ. ಏರುವುದು, ತಿರುಗುವುದು, ಸಾವಿರ ಅಡಿಯಲ್ಲಿ ರನ್‌ವೇಗೆ ಸಮನಾಗಿ ಹೋಗುವುದು, ಮತ್ತೆರಡು ತಿರುವು, ನೇರ ಇಳಿಯುವ ದಾರಿ, ಎಲ್ಲವೂ ಸರಿ. ಕೊನೆಯ ಆ ಒಂದಾಳೆತ್ತರದಲ್ಲಿ ಮಾತ್ರ ಮೂಗು ಎಡಕ್ಕೆ ಹೊರಳುತ್ತಿತ್ತು. ಗಾಲಿಗಳು ಅಡ್ಡಡ್ಡವಾಗಿ ನೆಲ ಮುಟ್ಟಿ ಕಿರ್ರೆನ್ನುತ್ತಿದ್ದವು. ಸರ್ ತಮ್ಮ ಕಡೆಯಿಂದ ಸರಿಪಡಿಸುತ್ತಿದ್ದರು.

ಮೂಗನ್ನು ಅತ್ತಿತ್ತ ತಿರುಗಿಸುವುದು ಕಾಲಿನ ಕೆಲಸ. ಕೆಳಗೆ ಎರಡು ಪೆಡಲ್ ಇರುತ್ತವೆ, ಎಡದ್ದನ್ನು ಒತ್ತಿದರೆ ಎಡಕ್ಕೆ, ಬಲದ್ದನ್ನು ಒತ್ತಿದರೆ ಬಲಕ್ಕೆ. ಎಂಜಿನ್ ಜೋರಿರುವಾಗ ವಿಮಾನ ತಾನಾಗಿ ತುಸು ಎಡಕ್ಕೆ ಎಳೆಯುತ್ತದೆ, ಅದಕ್ಕೆ ಬಲಗಾಲಿನಲ್ಲಿ ಹಗುರಾಗಿ ಒತ್ತಿ ಹಿಡಿದಿರಬೇಕು.

“ನೀವು ಇಳಿಯುವಾಗ ಎಡಗಾಲು ಒತ್ತುತ್ತಿದ್ದೀರಿ” ಎಂದರು ಸರ್.

“ಇಲ್ಲ ಸರ್” ಎಂದೆ. ಸುಳ್ಳಾಡಿರಲಿಲ್ಲ. ಒತ್ತಿದ ನೆನಪೇ ನನಗಿರಲಿಲ್ಲ.

ಮೊದಲು ಗಾಳಿಯ ಮೇಲೆ ಅನುಮಾನ ಹೋಯಿತು. ಮಳೆಗಾಲದ ಗಾಳಿ ಪಕ್ಕದಿಂದ ಹೊಡೆಯುತ್ತಿತ್ತು, ಸರಿ ಎಂದುಕೊಂಡೆವು. ಆಮೇಲೆ ನನ್ನ ಎತ್ತರದ ಮೇಲೆ. ಬೆನ್ನಿಗೊಂದು, ಕೆಳಗೊಂದು ದಿಂಬು ಬಂದವು. ನೋಟದ ಮೇಲೆ ಬಂತು. ಹತ್ತಿರ ನೋಡಬೇಡಿ, ರನ್‌ವೇಯ ಆ ತುದಿ ನೋಡಿ ಎಂದರು. ಆ ತುದಿಯಾಚೆ ಬಾದಾಮಿಯ ಕೆಂಪು ಗುಡ್ಡಗಳು, ಗುಡ್ಡದಾಚೆ ಮಲಪ್ರಭೆಯ ದಂಡೆಯ ಮರಗಳ ಹಸಿರು ಗೆರೆ. ಶಿವಯೋಗ ಮಂದಿರದ ಸುತ್ತಲಿನ ಆ ಹಸಿರಿನಲ್ಲೆಲ್ಲೋ ನನ್ನ ಅವ್ವನ ತವರು. ಮೇಲೆ ಹೋದಾಗಲೆಲ್ಲ ನಾನು ಅದನ್ನು ಹುಡುಕುತ್ತಿದ್ದೆ, ಸರ್ ಮೆಲ್ಲಗೆ ಕೆಮ್ಮುತ್ತಿದ್ದರು.

ಅವ್ವ ಹೊಲದ ಕೆಲಸ ಬಲ್ಲವಳು. ಮದುವೆಯಾಗಿ ಇಳಕಲ್ಲಿಗೆ ಬಂದ ಮೇಲೆ ಅತ್ತೆಯಿಂದ ಮಗ್ಗ ಕಲಿತಳು. ಅಪ್ಪ ನೇಕಾರರ ಮಗನಾಗಿಯೂ ಮಗ್ಗಕ್ಕೆ ಕೈ ಮುಗಿದು ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದವನು. ಇಳಕಲ್ಲಿನಿಂದ ಬಾಗಲಕೋಟೆಗೆ ಇಪ್ಪತ್ತೈದು ವರ್ಷ ಅದೇ ದಾರಿ. ಹೀಗಾಗಿ ನಮ್ಮ ಮನೆಯಲ್ಲಿ ಮಗ್ಗ ಹೆಣ್ಣಿನ ಕಡೆ ಬಂತು. ನನ್ನನ್ನು ಹನ್ನೊಂದನೆಯ ವಯಸ್ಸಿಗೇ ಅವ್ವ ಮಗ್ಗದಡಿಯ ಕುಣಿಯಲ್ಲಿ ಕಾಲಿಳಿಸಿ ಕೂರಿಸಿದ್ದಳು. ಕಾಲೇಜು ಮುಗಿಯುವವರೆಗೂ ನಾನು ದಿನಕ್ಕೆರಡು ತಾಸು ನೇಯ್ದವಳೇ.

ಕಳೆದ ಚಳಿಗಾಲದಲ್ಲಿ ಅವ್ವ ಹೋದಳು. ಮೂರು ದಿನದ ಜ್ವರ, ಅಷ್ಟೇ. ಮಗ್ಗದ ಮೇಲೆ ಒಂದು ಸೀರೆ ಉಳಿಯಿತು. ಕಡುನೀಲಿ ಒಡಲು, ಕೆಂಪು ದಡಿ. ಜೀವಮಾನವೆಲ್ಲ ಊರವರಿಗೆ ನೇಯ್ದವಳು ಅದೊಂದನ್ನು ತನಗೆಂದು ಹೂಡಿಕೊಂಡಿದ್ದಳು, ಅರ್ಧವೂ ಆಗಿರಲಿಲ್ಲ. ಒಬ್ಬರು ಹೂಡಿದ ಸೀರೆಗೆ ಇನ್ನೊಬ್ಬರು ಕೈ ಹಾಕುವುದು ನಮ್ಮಲ್ಲಿ ಕಡಿಮೆ. ಎಳೆ ಒತ್ತಾಗಲೆಂದು ಹಲಗೆ ಬಡಿಯುವ ಜೋರು ಒಬ್ಬೊಬ್ಬರದು ಒಂದೊಂದು ಥರ, ಕೈ ಬದಲಾದಲ್ಲಿ ಬಟ್ಟೆಯ ಮೇಲೆ ಗೆರೆ ಬೀಳುತ್ತದೆ. ಐದಾರು ತಿಂಗಳು ಯಾರೂ ಮುಟ್ಟಲಿಲ್ಲ. ಕೊನೆಗೆ ಒಂದು ರವಿವಾರ ನಾನೇ ಕೂತೆ. ಗೇಣುದ್ದ ನೇಯ್ದು ಬೆಳಕಿಗೆ ಹಿಡಿದು ನೋಡಿದರೆ ಗೆರೆ ಇರಲಿಲ್ಲ. ಅವಳ ಕೈಯೇ ನನ್ನ ಕೈಗೆ ಬಂದಿತ್ತು. ಅಂದು ನನಗಾದ ಸಮಾಧಾನವನ್ನು ಹೇಳಲಾರೆ.

ಅಲ್ಲಿಂದ ಪ್ರತಿ ಶನಿವಾರ ಸಂಜೆಯ ಬಸ್ಸು ಹಿಡಿದು, ಅಮೀನಗಡ ದಾಟಿ, ಹುನಗುಂದ ದಾಟಿ ಊರಿಗೆ ಹೋಗುವುದು, ರವಿವಾರ ಒಂದು ಗೇಣು ನೇಯುವುದು, ಸೋಮವಾರ ನಸುಕಿನ ಬಸ್ಸಿಗೆ ಮರಳುವುದು ರೂಢಿಯಾಯಿತು. ಒಂದು ಗೇಣಿಗಿಂತ ಹೆಚ್ಚು ನೇಯುತ್ತಿರಲಿಲ್ಲ. ಮುಗಿಸಲು ಮನಸ್ಸಿರಲಿಲ್ಲ ಎಂಬುದೇ ನಿಜ. ಅಪ್ಪ ಹೇಗೋ ಹೊಂದಿಸಿಕೊಂಡು ರವಿವಾರವೇ ರಜೆ ತೆಗೆದುಕೊಳ್ಳುತ್ತಿದ್ದ. ಹೊರಗಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದ, ಹಾಳೆ ಮಗುಚುತ್ತಿರಲಿಲ್ಲ. ಮಗ್ಗದ ಸದ್ದು ಕೇಳುವುದಕ್ಕೇ ಕೂತಿರುತ್ತಿದ್ದ ಎಂದು ನನಗೆ ಗೊತ್ತಿತ್ತು. ಒಂದು ಸಲ ಮಾತ್ರ, ಅವ್ವನ ವರ್ಷದ ದಿನದೊಳಗೆ ಸೀರೆ ಮಗ್ಗದಿಂದ ಇಳಿದರೆ ಅವಳ ಫೋಟೋದ ಮುಂದೆ ಇಡಬಹುದು ಎಂದಿದ್ದ.

ಅಂಥದೊಂದು ಸೋಮವಾರವೇ ಅದು ಆದದ್ದು. ಮಳೆಗಾಲ ಮುಗಿದಿತ್ತು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಒಣಹಾಕಿದ ಅಂಗಿಯ ತೋಳಿನಂತೆ ಜೋತುಬಿದ್ದಿತ್ತು. ಇಂಥ ನಿಶ್ಚಲ ಬೆಳಗಿನಲ್ಲಿ ಇಳಿಸಲಾಗದಿದ್ದರೆ ಇನ್ನೆಂದೂ ಆಗದು ಎಂದುಕೊಂಡೇ ಬಂದೆ. ವೇಗ ಸರಿ, ಎತ್ತರ ಸರಿ. ಬಲಗೈ ಎಳೆದೆ. ಎಡಗೈ ಎಳೆದೆ. ಮೂಗು ಎಡಕ್ಕೆ ಹೊರಳಿತು, ಎಂದಿಗಿಂತಲೂ ಜೋರಾಗಿ. ಸರ್ “ಬಿಡಿ, ನನಗೆ ಕೊಡಿ” ಎಂದರು. ಆ ಗಾಬರಿಯಲ್ಲಿ ನನ್ನ ಕಾಲು ಬಿಡಲಿಲ್ಲ. ಗಾಲಿ ಅಡ್ಡ ಬಿದ್ದು ಒಮ್ಮೆ ಪುಟಿಯಿತು, ಎಡದ ಗಾಲಿ ಡಾಂಬರು ಬಿಟ್ಟು ಎರೆಮಣ್ಣಿಗೆ ಇಳಿಯಿತು. ಮಣ್ಣಿನಲ್ಲಿ ಇನ್ನೂ ಹಸಿ ಇತ್ತು. ವಿಮಾನ ಸರ್ರನೆ ತಿರುಗಿ, ಬಾಲ ರನ್‌ವೇ ಕಡೆ ಮಾಡಿ ನಿಂತಿತು.

ಎಂಜಿನ್ ಆರಿಸಿ ಕೆಳಗಿಳಿದು ನೋಡಿದೆವು. ಎಡದ ಗಾಲಿ ಅಚ್ಚಿನವರೆಗೆ ಹೂತಿತ್ತು, ಬ್ರೇಕಿನ ಪೈಪು ಕಿತ್ತಿತ್ತು. ಪ್ರೊಪೆಲ್ಲರಿನ ತುದಿಗೂ ಮಣ್ಣಿಗೂ ನಡುವೆ ನನ್ನ ಅಂಗೈಯಷ್ಟು ಜಾಗ. ಸರ್ ತಮ್ಮ ಬೂಟಿನ ಮಣ್ಣನ್ನು ರನ್‌ವೇಯ ಅಂಚಿಗೆ ಉಜ್ಜಿ ಸ್ವಚ್ಛ ಮಾಡಿಕೊಂಡು, ನನ್ನ ಕಡೆ ನೋಡದೆ ಹೇಳಿದರು.

“ನಿಮ್ಮ ಕೈ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ. ಕಾಲಿನ ಮೇಲೆ ನನಗೆ ಭರವಸೆ ಇಲ್ಲ. ಈ ವಿಮಾನ ಸಿದ್ಧವಾಗುವುದಕ್ಕೆ ಹನ್ನೆರಡು ದಿನ ಬೇಕು. ಆಮೇಲೆ ಒಂದು ಪರೀಕ್ಷೆ ಕೊಡಿ. ಆಗಲೂ ಹೀಗೇ ಆದರೆ ನಿಮ್ಮನ್ನು ಮುಂದುವರಿಸುವುದು ನನ್ನಿಂದಾಗುವುದಿಲ್ಲ.”

ಅಂದು ಇಲ್ಲ ಸರ್ ಎನ್ನದೆ ಟ್ರ್ಯಾಕ್ಟರ್ ಕರೆಯಲು ನಡೆದೆ.

ಟ್ರ್ಯಾಕ್ಟರಿನಿಂದ ವಿಮಾನವನ್ನು ಎಳೆಸಿ ಹ್ಯಾಂಗರಿಗೆ ತಂದ ಮೇಲೆ ಚಾಚಾ ಗಾಲಿ ಬಿಚ್ಚುತ್ತ ಕೂತರು. ನಾನು ಪಕ್ಕದಲ್ಲಿ ಪಾನಾ ಕೊಡುತ್ತ ಕೂತೆ. ಅವರ ಕಿಸೆಯಲ್ಲಿ ಒಂದು ಸಣ್ಣ ವಹಿ ಇರುತ್ತಿತ್ತು. ಯಾರ ಇಳಿತ ಹೇಗಾಯಿತು, ಯಾವ ಟೈರು ನೋಡಬೇಕು ಎಂದು ತಮಗಾಗಿ ಬರೆದುಕೊಳ್ಳುತ್ತಿದ್ದರು. ಅದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು.

“ನಾಕ ತಿಂಗಳಾತು ನೋಡಾಕತ್ತೇನಿ, ತಂಗಿ. ಗಾಳಿ ಈ ಕಡಿಂದ ಬಂದಾಗೂ ನೀ ಎಡಕ, ಆ ಕಡಿಂದ ಬಂದಾಗೂ ಎಡಕ. ಇವತ್ತ ಗಾಳಿನ ಇಲ್ಲ, ಇವತ್ತೂ ಎಡಕ. ಖರೆ ಹೇಳ್ತೇನಿ, ಕಾಲು ನಿಂದ ಐತಿ.” ಗಾಲಿಯ ಬೋಲ್ಟು ಸಡಿಲಿಸಿ ಮತ್ತೆ ಹೇಳಿದರು, “ಇನ್ನೊಂದು ನೋಡು. ಸೋಮವಾರ ಭಾಳ. ಶುಕ್ರವಾರ, ಶನಿವಾರ ಅನ್ನೂದ್ರಾಗ ಸುಧಾರಿಸ್ತಿ. ಮತ್ತ ಸೋಮವಾರ ಬಂತಂದ್ರ ಅದ ಹಾಡು. ರವಿವಾರ ಏನು ಮಾಡ್ತಿ ನೀ?”

ಮನೆಗೆ ಹೋಗುತ್ತೇನೆ, ರೊಟ್ಟಿ ತಿನ್ನುತ್ತೇನೆ, ಮಲಗುತ್ತೇನೆ ಎಂದು ಸಿಡುಕಿದೆ. ಮಗ್ಗದ ಮಾತು ಎತ್ತಲಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದುಕೊಂಡಿದ್ದೆ. ಅಲ್ಲದೆ ಆ ಒಂದು ಗೇಣನ್ನು ಯಾರ ಬಾಯಿಗೂ ಕೊಡಲು ನನಗೆ ಮನಸ್ಸಿರಲಿಲ್ಲ.

ಹಾರಲು ವಿಮಾನವಿಲ್ಲ, ಇನ್ನೊಂದು ವಿಮಾನ ಉಳಿದವರಿಗೆ ಸಾಲದು. ಅಂದು ಮಧ್ಯಾಹ್ನವೇ ಊರಿಗೆ ಹೊರಟೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಲೆಕ್ಕ ಹಾಕಿದೆ. ಸೀರೆ ಇನ್ನು ಮೂರು ಮೊಳ ಉಳಿದಿದೆ. ನಿಧಾನವಾಗಿ ಕೂತರೂ ನಾಲ್ಕೈದು ದಿನ. ವರ್ಷದ ದಿನಕ್ಕೆ ಒಂಬತ್ತು ದಿನವಿದೆ. ವಿಮಾನ ಕೈ ಬಿಟ್ಟರೂ ಇದೊಂದು ಕೆಲಸವನ್ನು ನೆಟ್ಟಗೆ ಮುಗಿಸಿದೆ ಅನ್ನಿಸಿಕೊಳ್ಳುತ್ತೇನೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಅಪ್ಪನಿಗೆ ಕರದಂಟು ಕೊಂಡೆ. ಹೀಗೆ ಸೋತು ಬಂದವಳ ಕೈಯಲ್ಲಿ ಏನಾದರೂ ಇರಲಿ ಎಂದು.

ಮರುದಿನ ಬೆಳಿಗ್ಗೆಯೇ ಮಗ್ಗಕ್ಕೆ ಕೂತೆ. ಅಪ್ಪನಿಗೆ ಎರಡನೇ ಪಾಳಿ. ಪೇಪರ್ ಬಿಟ್ಟು ಒಳಗೇ ಬಂದು ಗೋಡೆಗೆ ಒರಗಿ ಕೂತ. ನೇಯುತ್ತಲೇ ಎಲ್ಲ ಹೇಳಿದೆ. ಸರ್ ಮಾತು, ಚಾಚಾನ ವಹಿ, ಸೋಮವಾರ. ಹೇಳುತ್ತ ಹೇಳುತ್ತ ಸಿಟ್ಟು ಬಂತು. ಎಲ್ಲರೂ ಎಡಗಾಲು ಎಡಗಾಲು ಎನ್ನುತ್ತಾರೆ, ನಾನು ಒತ್ತುವುದೇ ಇಲ್ಲ, ನನ್ನ ಕಾಲು ನನಗೆ ಗೊತ್ತಿಲ್ಲವೇ ಎಂದೆ.

ಅಪ್ಪ ಕುಣಿಯೊಳಗೆ ಬಗ್ಗಿ, ನನ್ನ ಪಾದದಡಿಯ ಎರಡು ತುಳಿಮಣೆಗಳನ್ನು ನೋಡುತ್ತಿದ್ದ.

“ಈಗ ಯಾವ ಕಾಲು ಒತ್ತೀದಿ?” ಎಂದ.

ಹೇಳಲು ಬಾಯಿ ತೆರೆದೆ. ಆ ಹೊತ್ತಿಗೆ ಕಾಲು ಮತ್ತೊಮ್ಮೆ ಬದಲಾಗಿತ್ತು. ಎಡವೋ ಬಲವೋ ನನಗೆ ಗೊತ್ತೇ ಇರಲಿಲ್ಲ. ಅಪ್ಪ ನಗಲಿಲ್ಲ. ಪರಿಚಯದವರೊಬ್ಬರ ಹೊಸ ಕಾರನ್ನು ಹುನಗುಂದದವರೆಗೆ ತಾನು ಓಡಿಸಿದ ಕಥೆ ಹೇಳಿದ. ಆ ಕಾರಿಗೆ ಕ್ಲಚ್ ಇರಲಿಲ್ಲ. ಎಮ್ಮೆ ಅಡ್ಡ ಬಂದಾಗ ಅವನ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕಿನ ಮೇಲೆ ಧೊಪ್ಪನೆ ಬಿತ್ತಂತೆ, ಹಿಂದೆ ಕೂತವರ ಹಣೆ ಮುಂದಿನ ಸೀಟಿಗೆ ಬಡಿಯಿತಂತೆ.

“ನಾ ಒತ್ತಲಿಲ್ಲವ್ವಾ ಅದನ್ನ. ಇಪ್ಪತ್ತೈದು ವರ್ಷದ ಬಸ್ಸು ಒತ್ತಿತು” ಎಂದ.

ನಾನು ಕೈ ನಿಲ್ಲಿಸಿದೆ. ಆಮೇಲೆ ಒಂದೊಂದಾಗಿ ಮಾಡಿ ನೋಡಿದೆ. ಬಲಗೈ ಹಗ್ಗ ಜಗ್ಗುತ್ತದೆ, ಲಾಳಿ ಈಚೆಯಿಂದ ಆಚೆಗೆ ಹಾರುತ್ತದೆ. ಎಡಗೈ ಹಲಗೆಯನ್ನು ಎದೆಯ ಕಡೆ ಎಳೆದು ಬಡಿಯುತ್ತದೆ. ಹಲಗೆ ಬಂದು ತಾಗಿದೊಡನೆ, ಬಲಗಾಲು ಒತ್ತಿದ್ದರೆ ಎಡಗಾಲು ಒತ್ತುತ್ತದೆ. ಬಲಗೈ ಎಳೆತ, ಎಡಗೈ ಎಳೆತ, ಕಾಲು ಬದಲು. ವಿಮಾನದಲ್ಲಿಯೂ ಅದೇ. ಥ್ರಾಟಲ್ ಎಳೆಯುತ್ತೇನೆ, ಹಿಡಿಕೆ ಎಳೆಯುತ್ತೇನೆ. ಅಲ್ಲಿಯವರೆಗೆ ಬಲಗಾಲು ಹಗುರಾಗಿ ಒತ್ತಿರುತ್ತದೆ. ಮುಂದಿನ ಸರದಿ ಎಡಗಾಲಿನದು. ಹನ್ನೊಂದನೆಯ ವಯಸ್ಸಿನಿಂದ ಅವ್ವ ನನ್ನ ಮೈಗೆ ಕಲಿಸಿದ್ದನ್ನು ನಾನು ನೆಲದಿಂದ ಒಂದಾಳೆತ್ತರದಲ್ಲಿ, ಚಾಚೂ ತಪ್ಪದೆ ಮಾಡುತ್ತಿದ್ದೆ. ಪ್ರತಿ ರವಿವಾರ ಬಂದು ಅದನ್ನು ಹೊಸದು ಮಾಡಿಕೊಂಡು ಹೋಗುತ್ತಿದ್ದೆ.

ತಪ್ಪು ಸಿಕ್ಕಿತೆಂದು ಮೊದಲು ನಗು ಬಂತು. ನಗು ಮುಗಿಯುವುದರೊಳಗೆ ಉಳಿದ ಸೀರೆಯ ಲೆಕ್ಕ ನೆನಪಾಯಿತು. ಮೂರು ಮೊಳ ಮುಗಿಸಬೇಕೆಂದರೆ ನಾಲ್ಕೈದು ದಿನ ಹಗಲೆಲ್ಲ ಕಾಲಿಗೆ ಇದನ್ನೇ ಉಣಿಸಬೇಕು. ಆಮೇಲೆ ಹೋಗಿ ಪರೀಕ್ಷೆಗೆ ಕೂತರೆ ಏನಾಗುತ್ತದೆಂದು ಚಾಚಾನ ವಹಿಯೇ ಹೇಳುತ್ತಿತ್ತು. ಸೀರೆ ಬಿಟ್ಟರೆ, ವರ್ಷದ ದಿನ ಅವಳ ಮುಂದೆ ಇಡಲು ಏನೂ ಇರುವುದಿಲ್ಲ. ಬಿಟ್ಟ ಮೇಲೆ ಕಾಲು ಮರೆತರೆ, ಮತ್ತೆ ಕೂತಾಗ ಗೆರೆ ಬೀಳುತ್ತದೆ. ಅವಳ ಕೈ ನನ್ನಲ್ಲಿ ಉಳಿದಿದ್ದ ಜಾಗ ಅದೊಂದೇ.

ಬಹಳ ಹೊತ್ತು ಲಾಳಿಯನ್ನು ಕೈಯಲ್ಲಿ ಹಿಡಿದು ಕೂತೆ. ಅಪ್ಪನನ್ನು ಕೇಳಲಿಲ್ಲ, ಕೇಳಿದ್ದರೆ ಅವನು ನನಗೆ ಬೇಕಾದ್ದನ್ನೇ ಹೇಳುತ್ತಿದ್ದ, ಅದು ನನಗೆ ಬೇಡವಾಗಿತ್ತು. ಕೊನೆಗೆ ಲಾಳಿಯನ್ನು ನೂಲಿನ ಪಕ್ಕಕ್ಕಿಟ್ಟು ಕುಣಿಯಿಂದ ಕಾಲು ಮೇಲೆ ತೆಗೆದೆ. ಅವ್ವನದೊಂದು ಹಳೆಯ ಸೀರೆ ತಂದು ಮಗ್ಗದ ಮೇಲೆ ಹೊದಿಸಿದೆ. ಅಪ್ಪ ಎದ್ದು ಇನ್ನೊಂದು ತುದಿ ಹಿಡಿದು ಎಳೆದು ಸರಿ ಮಾಡಿದ.

“ಸೀರಿ ಎಲ್ಲೀ ಓಡಿ ಹೋಗೂದಿಲ್ಲ” ಎಂದ. ಅಷ್ಟು ಹೇಳಿ ಖಾಕಿ ಅಂಗಿ ಹಾಕಿಕೊಳ್ಳಲು ಹೊರಗೆ ಹೋದ. ಅಂದಿನಿಂದ ರವಿವಾರವೂ ಡ್ಯೂಟಿಗೆ ಹೋಗತೊಡಗಿದ ಎಂದು ಆಮೇಲೆ ತಿಳಿಯಿತು.

ಮರುದಿನ ಹ್ಯಾಂಗರಿಗೆ ಮರಳಿ ಚಾಚಾನ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ತಲೆ ಕೆರೆದುಕೊಂಡರು. ತಮ್ಮ ಅಮ್ಮಿಯೂ ಮಗ್ಗಕ್ಕೆ ನೂಲು ಸುತ್ತಿ ಕೊಡುತ್ತಿದ್ದಳೆಂದೂ ರಾಟಿಯ ಮುಂದೆ ಕೂರದಿದ್ದಾಗಲೂ ಅವಳ ಬಲಗೈ ತಿರುಗುತ್ತಿತ್ತೆಂದೂ ಹೇಳಿದರು. ಆಮೇಲೆ ಸುಮ್ಮನೆ ಕೂರಲಿಲ್ಲ. ಹಳೆಯ ಸೀಟೊಂದನ್ನು ನೆಲಕ್ಕಿಟ್ಟು, ಮುಂದೆ ಒಂದು ಹಲಗೆಗೆ ಎಳೆಯುವ ಗುಂಡಿ, ಹಿಡಿಕೆ ಎರಡನ್ನೂ ಕಟ್ಟಿದರು. ಕೆಳಗೆ, ನನ್ನ ಎರಡೂ ಪಾದದಡಿ, ಚಹಾ ಕುಡಿದು ಬಿಟ್ಟ ಕಾಗದದ ಕಪ್ಪುಗಳನ್ನು ಬೋರಲು ಇಟ್ಟರು. ಕೈಗಳೆರಡೂ ಎಳೆಯಬೇಕು, ಕಪ್ಪು ನುಗ್ಗಾಗಬಾರದು.

ಮೊದಲ ದಿನ ಎಡಗಾಲಿನ ಕೆಳಗೆ ಹನ್ನೊಂದು ಕಪ್ಪು ಸತ್ತವು. ಬಲಗಾಲಿನದು ಒಂದೂ ಇಲ್ಲ. ಉಳಿದ ವಿದ್ಯಾರ್ಥಿಗಳು ಚಹಾ ಕುಡಿದು ಕಪ್ಪು ತಂದು ಸಾಲಾಗಿ ಇಟ್ಟು ಹೋಗುತ್ತಿದ್ದರು, ದೇವರಿಗೆ ಕಾಯಿ ಇಟ್ಟ ಹಾಗೆ. ಮೂರನೇ ದಿನ ನಾಲ್ಕು. ಐದನೇ ದಿನ ಒಂದೂ ಇಲ್ಲ. ಗೆದ್ದೆ ಎಂದು ಬೀಗಿದೆ. ಚಾಚಾ ಕಪ್ಪು ತೆಗೆದು, ಪೆಡಲ್ ಜೋಡಿಸಿ, ಎದುರಿನ ಗೋಡೆಗೆ, ವಿಮಾನದ ಮೂಗೆಂಬಂತೆ, ಒಂದು ಕೋಲು ಹಿಡಿದು ನಿಂತರು. ಕೋಲು ಎಡಕ್ಕೆ ಸರಿದರೆ ಬಲಗಾಲು, ಬಲಕ್ಕೆ ಸರಿದರೆ ಎಡಗಾಲು. ಕೈ ಏನೇ ಮಾಡುತ್ತಿರಲಿ.

“ಕಾಲು ಸತ್ತಂಗ ಇದ್ರೂ ನಡಿಯೂದಿಲ್ಲ, ತಂಗಿ. ಕಾಲು ಇಷ್ಟು ದಿನಾ ಕೈ ಮಾತ ಕೇಳೇತಿ. ಇನ್ನ ಕಣ್ಣಿನ ಮಾತ ಕೇಳಬೇಕು” ಎಂದರು.

ಸರ್ ಒಮ್ಮೆ ಬಂದು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ ಹೋದರು. ಮರುದಿನದಿಂದ ಅವರ ಚಹಾದ ಕಪ್ಪೂ ಸಾಲಿನಲ್ಲಿರುತ್ತಿತ್ತು.

ವರ್ಷದ ದಿನ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬಂದೆ. ಅವ್ವನ ಫೋಟೋವನ್ನು ಮಗ್ಗದ ಮೇಲೆಯೇ ಇಟ್ಟಿದ್ದೆವು, ಹೊದಿಕೆ ಅರ್ಧ ಸರಿಸಿ. ಮಗ್ಗದಲ್ಲಿ ಮುಗಿಯದ ಸೀರೆ ಇರುವಾಗ ಪೂಜೆ ಮಾಡುವುದು ಒಳ್ಳೆಯದಲ್ಲ ಎಂದು ಸೋದರತ್ತೆ ಗೊಣಗಿದಳು. ಅವ್ವನಿಗೆ ಎಂದೂ ಅವಸರ ಇರಲಿಲ್ಲ ಎಂದ ಅಪ್ಪ. ಊಟವಾದ ಮೇಲೆ ಎಲ್ಲರೂ ಹೋದರು. ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ಬೀದಿಯ ಬೇರೆ ಮನೆಗಳ ಮಗ್ಗಗಳು ಕೇಳಿಸಿದವು. ನನ್ನ ಕಾಲು ಕುಣಿಯ ಅಂಚಿನವರೆಗೆ ಹೋಯಿತು. ಒಂದೇ ಎಳೆ ಎಂದು ಮನಸ್ಸು ಬೇಡಿತು. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟೆ.

ಪರೀಕ್ಷೆಯ ದಿನ ಗಾಳಿ ಹಗುರಾಗಿತ್ತು. ಸರ್ ಪಕ್ಕದಲ್ಲಿ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಮೊದಲ ಇಳಿತದಲ್ಲಿ ಎಡಗಾಲು ಮಿಡುಕಿದ್ದು ನನಗೇ ತಿಳಿಯಿತು. ಹೆಚ್ಚೇನಾಗಲಿಲ್ಲ, ಆದರೆ ತಿಳಿಯಿತು, ಅದೇ ಹೊಸದು. ಎರಡನೆಯದು ನೆಟ್ಟಗೆ. ಮೂರನೆಯದೂ ನೆಟ್ಟಗೆ. ರನ್‌ವೇಯ ತುದಿಗೆ ಹೋಗಿ ನಿಲ್ಲಿಸಲು ಹೇಳಿದರು. ಬೆಲ್ಟು ಬಿಚ್ಚಿ, ಇಳಿದು, ಆ ಬೆಲ್ಟನ್ನು ಖಾಲಿ ಸೀಟಿಗೆ ಮತ್ತೆ ಬಿಗಿದರು.

“ಒಂದು ಸುತ್ತು. ನಾನು ಇಲ್ಲೇ ನಿಂತಿರುತ್ತೇನೆ” ಎಂದು ಬಾಗಿಲು ಹಾಕಿದರು.

ಒಬ್ಬರ ಭಾರ ಕಡಿಮೆಯಾದ ವಿಮಾನ ಬೇಗನೆ ಎದ್ದಿತು. ಸಾವಿರ ಅಡಿಗೆ ಬಂದು ತಿರುಗಿದಾಗ ಬಾದಾಮಿಯ ಗುಡ್ಡಗಳಾಚೆ ಆ ಹಸಿರು ಗೆರೆ ಕಂಡಿತು. ಕೆಮ್ಮುವವರು ಯಾರೂ ಇರಲಿಲ್ಲ. ಅವ್ವ ಎಂದೆ, ಜೋರಾಗಿಯೇ. ಎಂಜಿನ್ನಿನ ಸದ್ದಿನಲ್ಲಿ ನನಗೂ ಕೇಳಿಸಲಿಲ್ಲ. ಆಮೇಲೆ ಕೆಲಸ ನೋಡಿಕೊಂಡೆ. ವೇಗ, ಎತ್ತರ, ತಿರುವು, ಮತ್ತೆ ತಿರುವು. ರನ್‌ವೇ ಎದುರಿಗೆ ಅಗಲವಾಗುತ್ತ ಬಂತು. ಬಲಗೈ ಎಳೆದೆ. ಎಡಗೈ ಎಳೆದೆ. ಎಡಗಾಲಿಗಾಗಿ ಕಾದೆ.

ಅದು ಬರಲಿಲ್ಲ. ವಿಮಾನ ನೆಟ್ಟಗೆ ಹೋಗಿ, ದಣಿದು, ಮೆತ್ತಗೆ ಕೂತಿತು. ನಾಲ್ಕು ತಿಂಗಳಿಂದ ಬೇಡಿಕೊಂಡದ್ದು ಇದನ್ನೇ. ಆದರೂ ಗಾಲಿಗಳು ಉರುಳುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದವರು ಹೇಳದೆ ಎದ್ದು ಹೋದ ಹಾಗೆ ಅನ್ನಿಸಿ ಅಳು ಬಂತು. ಚಾಚಾ ಸುರಿದ ಬಕೆಟ್ ನೀರಿನಲ್ಲಿ ಅದು ಯಾರಿಗೂ ಕಾಣಲಿಲ್ಲ. ಸರ್ ಕೈ ಕುಲುಕಿದರು. ಅಪ್ಪನಿಗೆ ಫೋನು ಮಾಡಿದೆ, ಎತ್ತಲಿಲ್ಲ, ಬಸ್ಸು ಓಡಿಸುತ್ತಿದ್ದ. ಮುಕ್ಕಾಲು ತಾಸಿನ ನಂತರ ಅಮೀನಗಡದಿಂದ ಅವನೇ ಮಾಡಿದ. ಇಳಿದೆ ಅಪ್ಪಾ ಎಂದೆ. ಅವನು ಏನೋ ಹೇಳಲು ಹೋಗಿ, ಜನ ಹತ್ತುತ್ತಿದ್ದಾರೆ ಎಂದು ಫೋನಿಟ್ಟ.

ಮಗ್ಗಕ್ಕೆ ಮತ್ತೆ ಕೂತದ್ದು ಇನ್ನೂ ಎರಡು ತಿಂಗಳ ಮೇಲೆ. ನೆಲದ ಮೇಲಿನ ಆ ಸೀಟಿಗೆ ಹೋಗದೆಯೂ ಕಾಲು ಕಣ್ಣಿನ ಮಾತು ಕೇಳುತ್ತದೆ ಎಂದು ನಂಬಿಕೆ ಬಂದ ಮೇಲೆ. ಹೊದಿಕೆ ತೆಗೆದರೆ ನೂಲಿನ ಮೇಲೆ ಧೂಳಿರಲಿಲ್ಲ, ಅಪ್ಪ ಒರೆಸುತ್ತಿದ್ದಿರಬೇಕು. ಕುಣಿಯಲ್ಲಿ ಕಾಲಿಳಿಸಿದೆ. ಹಗ್ಗ ಜಗ್ಗಿದೆ, ಲಾಳಿ ಹಾರಿತು. ಹಲಗೆ ಎಳೆದು ಬಡಿದೆ. ಕಾಲು ಸುಮ್ಮನಿತ್ತು.

ಯಾವ ಕಾಲು ಎಂದು ಯೋಚಿಸಬೇಕಾಯಿತು. ಎಡ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಒತ್ತಿದೆ. ಜಗ್ಗಿದೆ, ಬಡಿದೆ, ನಿಂತೆ. ಬಲ ಎಂದೆ. ಹೀಗೆ ಹತ್ತಿಪ್ಪತ್ತು ಎಳೆ ಹೋಗುವಷ್ಟರಲ್ಲಿ ನೀಲಿಯ ಮೇಲೆ ತೆಳ್ಳಗೆ ಗೆರೆ ಕಂಡಿತು. ಅಲ್ಲಿಯವರೆಗೆ ಅವ್ವ, ಇಲ್ಲಿಂದ ಯಾರೋ. ಕೈ ಬಿಟ್ಟು ಕೂತೆ. ಕೆಡಿಸಿಬಿಟ್ಟೆ ಎಂದುಕೊಂಡೆ.

ಅಪ್ಪ ಹೊರಗಿನ ಕೋಣೆಯಿಂದ ಬಂದು ಬಾಗಿಲಲ್ಲಿ ನಿಂತ. ಖಾಕಿ ಅಂಗಿಗೆ ಎರಡೇ ಗುಂಡಿ ಹಾಕಿತ್ತು. ಬಸ್ಸಿಗೆ ಹೊತ್ತಾಗಿತ್ತು.

“ನಿಲ್ಲಸಬ್ಯಾಡ” ಎಂದ.

“ಬರವಲ್ದಪ್ಪಾ. ಗೆರಿ ಬಿದ್ದೈತಿ.”

“ಬೀಳಲಿ.” ಅವನು ಒಳಗೆ ಬಂದು ಗೋಡೆಗೆ ಒರಗಿ ಕೂತ. “ನಿಮ್ಮವ್ವ ಈ ಮನಿಗೆ ಬಂದ ಹೊಸದಾಗಿ ಹಿಂಗ ನೇಯ್ತಿದ್ಲು. ಒಂದು ಬಡದು ಸುಮ್ನ ಕೂಡೂದು. ಆಮ್ಯಾಲ ಮತ್ತೊಂದು. ನಾ ಹೊರಗ ಕುಂತು ಕೇಳ್ತಿದ್ದೆ, ಈಗ ಬಡೀತಾಳ, ಈಗ ಬಡೀತಾಳ ಅಂತ. ಆ ಸಪ್ಪಳ ನನಗ ಮರತ ಹೋಗಿತ್ತು.”

ಅವನು ಕಣ್ಣು ಮುಚ್ಚಿಕೊಂಡಿದ್ದ. ನಾನು ಹಗ್ಗ ಜಗ್ಗಿದೆ, ಹಲಗೆ ಬಡಿದೆ. ತುಸು ಹೊತ್ತು ಸುಮ್ಮನೆ ಕೂತೆ. ಆಮೇಲೆ ಬಲಗಾಲು ಒತ್ತಿದೆ.